ಜೀಪಿನ ಕೆಳಗೆ ಹೊಕ್ಕ ಮಾಳಿಂಗಪ್ಪ

ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ. ಸತ್ತಿದ್ದಾನೆ, ಬರೆಯುತ್ತೇನೆ. ಮಾಳಿಂಗಪ್ಪ. ಅರಕೇರಾ ಹತ್ತಿರದ ಕ್ವಾರಿಯಲ್ಲಿ ಬಂಡೆಗೆ ತೂತು ಕೊರೆಯುವ ಕೆಲಸ. ಬಾಯಿ ಮುಚ್ಚಿಕೊಂಡಿದ್ದರೆ ಸುಖವಾಗಿ ಇರುತ್ತಿದ್ದ. ಆದರೆ ನಾನು ಮದುವೆಗೆ ಒಪ್ಪಿದ್ದೇ ಆ ಬಾಯಿಗೆ.

ಕ್ವಾರಿ ಮುಚ್ಚಿತು. ಊರಿಗೆ ಊರೇ ಗುಳೆ ಹೋಗತೊಡಗಿತು. ಉಳಿದವರು, ಇಲ್ಲೇ ಕೆಲಸ ಕೊಡಿ ಎಂದು ದೇವದುರ್ಗದ ರಸ್ತೆಯಲ್ಲಿ ಕುಳಿತೆವು. ಚದುರಿಸಲು ಪೊಲೀಸ್ ಸಾಹೇಬ ಜೋರಾಗಿ ಸೀಟಿ ಊದಿದ.

ಕ್ವಾರಿಯಲ್ಲಿ ಸೀಟಿ ಊದಿದರೆ ಬಂಡೆ ಸಿಡಿಸುತ್ತಾರೆ ಎಂದು ಅರ್ಥ. ಸಿಕ್ಕಿದ್ದರ ಕೆಳಗೆ ತೂರಬೇಕು, ಎರಡನೇ ಸೀಟಿಯ ತನಕ ಏಳಬಾರದು. ಮೈಗೆ ಹತ್ತಿದ ರೂಢಿ. ಗಂಡಸರೆಲ್ಲ ದಬದಬ ಬೋರಲು ಬಿದ್ದರು. ನನ್ನ ಗಂಡ ಜೊತೆಗಾರ ದಸ್ತಗೀರ್ ಸಾಬ್‌ನನ್ನು ಎಳೆದುಕೊಂಡು ಪೊಲೀಸ್ ಜೀಪಿನ ಕೆಳಗೇ ಹೊಕ್ಕ.

ಸಾಹೇಬ ಬಗ್ಗಿ ನೋಡಿದ. "ಲೇ, ಹೊರಗ ಬರ್ರಿ."

"ಜಾಗ ಅದ ಸಾಹೇಬ್ರ, ನೀವೂ ಒಳಗ ಬರ್ರಿ. ತಲಿಗೆ ಕಲ್ಲು ಬಡದೀತು" ಅಂದ ನನ್ನ ಗಂಡ.

ರಸ್ತೆಯೆಲ್ಲ ನಕ್ಕಿತು. ಎಲ್ಲರನ್ನೂ ಠಾಣೆಗೆ ಒಯ್ದು, ಉಳಿದವರನ್ನು ಸಂಜೆಗೆ ಬಿಟ್ಟರು. ಇವರಿಬ್ಬರ ಮೇಲೆ ಸರಕಾರಿ ಕೆಲಸಕ್ಕೆ ಅಡ್ಡಿ ಎಂದು ಕೇಸು ಹಾಕಿ ರಾಯಚೂರು ಜೈಲಿಗೆ ಕಳಿಸಿದರು.

ಆತನ ಎದೆಯಲ್ಲಿ ಕಲ್ಲಿನ ಧೂಳು ಕೂತಿತ್ತು. ಜೈಲಿನ ನೆಲ ತಂಡಿ. ಕ್ಷಮೆ ಕೇಳಿದರೆ ಬೇಗ ಬಿಡುತ್ತಾರೆ ಎಂದ ವಕೀಲ. ನಾನು ಬಸ್ಸು ಹತ್ತಿದೆ.

"ತಪ್ಪಾತು ಅಂತ ಒಂದ್ ಮಾತು ಅಂದು ಮನಿಗೆ ಬಾ" ಅಂದೆ.

"ಏನ್ ತಪ್ಪು ಮಾಡೀನಿ? ಸಾಹೇಬ್ರಿಗೆ ಜಾಗ ಕೊಟ್ಟೀನಿ." ಕೆಮ್ಮಿದ.

"ಅಕ್ಕಾ, ಈತಗ ಇಲ್ಲಿನ ಊಟದ ರುಚಿ ಹತ್ತ್ಯಾದ" ಅಂದ ದಸ್ತಗೀರ್ ಸಾಬ್.

"ನಿನ್ನ ಅಡಗಿಗಿಂತ ಚಲೋ ಅದ ಲೇ ಗದ್ದೆಮ್ಮ" ಅಂದ ಗಂಡ.

ನಡುವೆ ಕಬ್ಬಿಣದ ಜಾಲರಿ ಇತ್ತು, ಇಲ್ಲದಿದ್ದರೆ ಹೊಡೆಯುತ್ತಿದ್ದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ.

ಕೊನೆಗೂ ಕ್ಷಮೆ ಕೇಳಲಿಲ್ಲ. ಜಾಮೀನು ತಡವಾಗಿ ಸಿಕ್ಕಿತು. ಮನೆಗೆ ಬಂದವನು ಉಸಿರಿಗೆ ಒದ್ದಾಡಿ, ಮಳೆಗಾಲ ಹಿಡಿಯುವ ಮುಂಚೆ ಹೋದ.

ಮೊನ್ನೆ ದೇವದುರ್ಗದಿಂದ ಒಬ್ಬ ಹೊಸ ಪೊಲೀಸಪ್ಪ ಬಾಗಿಲಿಗೆ ಬಂದ. "ಮಾಳಿಂಗಪ್ಪ ಎಲ್ಲಿ ಅದಾನ? ಕೋರ್ಟಿಗೆ ಬರಬೇಕು."

"ಸತ್ತಾನ."

ಆತ ಟೋಪಿ ತೆಗೆದ. "ಹಂಗಾದ್ರ ಆತನ ಮ್ಯಾಲಿನ ಕೇಸ್ ಮುಗೀತು ಯವ್ವಾ. ಸತ್ತವರ ಮ್ಯಾಲ ನಡಿಯಂಗಿಲ್ಲ."

"ಮತ್ತ ಕ್ಷಮಾ?"

"ಇನ್ನ ಯಾರು ಕೇಳಬೇಕು, ಬಿಡವ್ವ."

ಒಳಗೆ ಹೋಗಿ ಆತನಿಗೆ ಚಹಾ ಇಟ್ಟೆ. ಕ್ಷಮೆ ಕೇಳದೆಯೇ ಬಿಡಿಸಿಕೊಂಡು ಹೋಗಿದ್ದಾನೆ ನನ್ನ ಗಂಡ, ಕಳ್ಳ.