ಕೊನೆಯ ಮೀನು

ಲೊವೆಲ್‌ನಂಥ ವಿದ್ಯಾಜಿಪುಣನನ್ನು ನಾನು ನಲವತ್ತು ವರ್ಷ ಗಣಿತ ಕಲಿಸಿಯೂ ಕಂಡಿರಲಿಲ್ಲ. ವ್ಯಾಂಕೂವರಿನ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗಿರುವ ಅವನ ಕಸುಬು ಕಂಪ್ಯೂಟರಿನಲ್ಲಿ ಹಣ ಕಟ್ಟಿ ಪೋಕರ್ ಎಂಬ ಇಸ್ಪೀಟಾಟ ಆಡುವುದು. ಒಂದೇ ಸಲ ಹನ್ನೆರಡು ಮೇಜುಗಳಲ್ಲಿ ಆಡುತ್ತಾನೆ. ಮುಖವೇ ಕಾಣದ ಎದುರಾಳಿ ಪಣ ಏರಿಸಲು ಎರಡು ಕ್ಷಣ ತಡೆದರೆ ಸಾಕು, ಅವನ ಕೈಯಲ್ಲಿರುವ ಎಲೆಗಳನ್ನು ಹೇಳಿಬಿಡುತ್ತಾನೆ. ಪೋಕರ್ ಕಲಿಸುವ ಜಾಲತಾಣಗಳ ಹೆಸರೆತ್ತಿದರೆ ಮಾತ್ರ ಉರಿದುಬೀಳುತ್ತಾನೆ. "ನಾನು ಹತ್ತು ವರ್ಷ ಕಣ್ಣು ಕೆಡಿಸ್ಕೊಂಡು ಕಲ್ತಿದ್ದನ್ನ ಈ ಕತ್ತೆಗಳು ವಿಡಿಯೋ ಮಾಡಿ ಮಾರ್ತಾವೆ, ಪ್ರೊಫೆಸರಮ್ಮ! ಈಗ ಎಲ್ಲಾ ಜಾಣರೇ. ನಾನು ಯಾರ ಹತ್ರ ಗೆಲ್ಲೋದು?" "ನೀನೂ ಇನ್ನಷ್ಟು ಕಲಿ," ಅಂದೆ. "ನಿಮ್ಮಂಥ ಮೇಷ್ಟ್ರುಗಳಿಂದ್ಲೇ ಆಟ ಕೆಟ್ಟಿದ್ದು!" ಸದಾ ಸೋಲುವವರನ್ನು ಈ ಕಸುಬಿನವರು ಮೀನು ಎನ್ನುತ್ತಾರೆ; ಮೀನಿಗೆ ಬುದ್ಧಿ ಹೇಳಿಕೊಡಬಾರದೆಂಬುದು ಅವರ ಮೊದಲ ಕಟ್ಟಳೆ. ಲೊವೆಲ್‌ಗೆ ಈಗ ಉಳಿದಿರುವ ಮೀನು ಒಂದೇ, ವಿನಿಪೆಗ್‌ನ ಒಬ್ಬ ನಿವೃತ್ತ ಬಸ್ ಚಾಲಕ. ಅವನೂ ಜಾಣನಾದರೆ ಇವನು ಬೇರೆ ಕೆಲಸ ಹುಡುಕಬೇಕು. ನಿನ್ನೆ ಮಧ್ಯಾಹ್ನ ಮತ್ತೆ ಸೋತ ಆ ಮುದುಕ, "ನಾನೆಲ್ಲಿ ತಪ್ಪಿದೆ, ಮಗಾ?" ಎಂದು ಪರದೆಯ ಮೂಲೆಯ ಚಾಟ್‌ನಲ್ಲಿ ಬರೆದ. ಲೊವೆಲ್ ಉಳಿದ ಆಟಗಳನ್ನೆಲ್ಲ ಬಿಟ್ಟು, "ಮೊದಲನೇ ಪಣದಲ್ಲೇ ತಪ್ಪಿದ್ರಿ ಅಜ್ಜ, ನಿಧಾನವಾಗಿ ಹೇಳ್ತೀನಿ," ಎಂದು ಬರೆಯತೊಡಗಿದ.