ಕಾರವಾರಕ್ಕೆ ಹೋದ ಇಬ್ಬರು

ಕಾರವಾರಕ್ಕೆ ನಾನು ಹೋದದ್ದು ಒಬ್ಬನೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ಆರೇಳು ವರ್ಷ ನಾನು ಎಲ್ಲರಿಗೂ ಇದರ ಉಲ್ಟಾ ಹೇಳಿಕೊಂಡು ಬಂದೆ.

ಎರಡು ಸಾವಿರದ ಎರಡು ಇರಬೇಕು, ಅಥವಾ ಮೂರು. ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ತಾಸಿನ ಲೆಕ್ಕದ ಸಂಬಳಕ್ಕೆ ಪಾಠ ಹೇಳುತ್ತಿದ್ದೆ. ಐರಣಿಯ ಹೊಳೆಗಿಂತ ದೊಡ್ಡ ನೀರು ಕಂಡವನಲ್ಲ. ಸಮುದ್ರ ನೋಡಿ ಬರೋಣ ಎಂದು ತಲೆಯಲ್ಲಿ ಹುಳ ಬಿಟ್ಟವನು ಬ್ಯಾಡಗಿಯ ಗೆಳೆಯ. ಅವನಪ್ಪನದು ಮೆಣಸಿನಕಾಯಿ ದಲಾಲಿ ಅಂಗಡಿ, ಆದರೆ ಮಗನ ಕೈಗೆ ದುಡ್ಡು ಬರುತ್ತಿರಲಿಲ್ಲ. ಕಡಿಮೆ ಖರ್ಚಿನ ಉಪಾಯಗಳನ್ನೆಲ್ಲ ಅವನೇ ಹೂಡಿದ. ಇಬ್ಬರಿಗೂ ಒಂದೇ ಖೋಲಿ. ಆಟೋ ಹತ್ತುವಂತಿಲ್ಲ. ಹೋಟೆಲಿನಲ್ಲಿ ಚಹಾ ಬಿಟ್ಟು ಏನೂ ಕೇಳುವಂತಿಲ್ಲ. ಊಟಕ್ಕೆ ನಮ್ಮ ಮನೆಯ ಬುತ್ತಿ. ಅವ್ವ ಇಬ್ಬರಿಗೆ ಎರಡು ದಿನಕ್ಕಾಗುವಷ್ಟು ಕಟಕ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಹಳೆಯ ಧೋತರದಲ್ಲಿ ಗಂಟು ಕಟ್ಟಿದಳು. ನಮ್ಮಲ್ಲಿ ಕಟಕ ರೊಟ್ಟಿ ತಿಂಗಳಿಟ್ಟರೂ ಕಟಕ್ಕೆಂದೇ ಮುರಿಯುತ್ತದೆ.

ಹಾವೇರಿ ಬಸ್‌ ನಿಲ್ದಾಣದಲ್ಲಿ ಕೂಡುವುದೆಂದು ಮಾತಾಗಿತ್ತು. ಅವನು ಬರಲಿಲ್ಲ. ಕಾರವಾರದ ದಾರಿಗೆ ಶಿರಸಿಯ ಬಸ್ಸು ಹಿಡಿಯಬೇಕು, ಅಂಥ ಎರಡು ಬಸ್ಸು ಬಿಟ್ಟೆ. ಆಮೇಲೆ ಒಂದು ರೂಪಾಯಿಯ ಡಬ್ಬಿ ಫೋನಿನಿಂದ ಅವರ ಅಂಗಡಿಗೆ ಹಚ್ಚಿದೆ. ಎತ್ತಿದವರು ಅವನಪ್ಪ. ಮಾರ್ಕೆಟ್ಟಿಗೆ ಚೀಲ ಹೇರಳ ಬಂದಿವೆ, ಮಗ ಟೆಂಡರ್ ಚೀಟಿ ಬರೆಯುತ್ತಿದ್ದಾನೆ, ಏನಾದರೂ ಹೇಳುವುದಿತ್ತೇ ಎಂದು ಕೇಳಿದರು. ಏನಿಲ್ಲ ಎಂದು ಇಟ್ಟೆ.

ಸಿಟ್ಟಿನಲ್ಲಿ ಮೂರನೆಯ ಬಸ್ಸು ಹತ್ತಿದೆ ಎಂದು ಬಹಳ ದಿನ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ಅಷ್ಟು ದೊಡ್ಡ ಗಂಟು ಹೊತ್ತುಕೊಂಡು ತಿರುಗಿ ಅವ್ವನ ಮುಂದೆ ನಿಲ್ಲುವುದಾಗಲಿಲ್ಲ, ಅಷ್ಟೇ ಇರಬೇಕು.

ಕಾರವಾರದಲ್ಲಿ ಸಿಕ್ಕಿದ್ದು ಎರಡು ಮಂಚದ ಖೋಲಿ. ಒಬ್ಬನೇ ಆದರೂ ಬಾಡಿಗೆ ಅಷ್ಟೇ ಎಂದ ಲಾಡ್ಜಿನವನು. ಒಂದು ಮಂಚದ ಮೇಲೆ ನಾನು, ಇನ್ನೊಂದರ ಮೇಲೆ ಬುತ್ತಿ.

ಸಮುದ್ರ ಮೊದಲು ಕಂಡಾಗ ಏನನ್ನಿಸಿತು ಎಂಬುದನ್ನು ಬರೆಯಲು ಹೋಗಿ ಮೂರು ಸಲ ಹೊಡೆದುಹಾಕಿದ್ದೇನೆ. ಆಮೇಲೆ ನೋಡಿದ ಕ್ಯಾಲೆಂಡರುಗಳ ಬಣ್ಣವೆಲ್ಲ ಅದರಲ್ಲಿ ಸೇರಿಕೊಂಡಿದೆ. ಖಾತ್ರಿಯಾಗಿ ಹೇಳಬಲ್ಲದ್ದು ಚಪ್ಪಲಿಯ ವಿಷಯ. ಬೇರೆಯವರೆಲ್ಲ ಜೊತೆಗಾರರ ಹತ್ತಿರ ಚಪ್ಪಲಿ, ಚೀಲ ಬಿಟ್ಟು ನೀರಿಗೆ ಓಡುತ್ತಿದ್ದರು. ನನ್ನವನ್ನು ಕಾಯುವವರಿರಲಿಲ್ಲ. ಚೀಲ ಹೆಗಲಿಗೆ ಹಾಕಿ, ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲುಮಟ ನೀರಿನಲ್ಲಿ ಯಾರಿಗೋ ದಾರಿ ಕೇಳಲು ನಿಂತವನಂತೆ ಸ್ವಲ್ಪ ಹೊತ್ತು ನಿಂತು ಬಂದೆ.

ಮರುದಿನ ಊರು ದಾಟಿ ಕಾಳಿ ನದಿಯ ಸೇತುವೆತನಕ ನಡೆದೆ. ನದಿ ಅಲ್ಲಿ ಅವಸರವಿಲ್ಲದೆ ಅಗಲವಾಗಿ ಸಮುದ್ರ ಸೇರುತ್ತದೆ. ಅರ್ಧ ಸೇತುವೆ ದಾಟಿದಾಗ ಲಾರಿಯೊಂದು ಬಂತು, ಕಾಲ ಕೆಳಗೆ ಎಲ್ಲ ನಡುಗಿತು. ಲಾರಿ ಹೋದ ಮೇಲೂ ನನಗೆ ಹೆಜ್ಜೆ ಎತ್ತಲಾಗಲಿಲ್ಲ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಆಮೇಲೆ ಹೇಗೋ ದಾಟಿ ಸದಾಶಿವಗಡದ ಗುಡ್ಡ ಹತ್ತಿದೆ.

ಮೇಲೆ ಕುಳಿತು ಗಂಟು ಬಿಚ್ಚಿದರೆ ರೊಟ್ಟಿಗಳು ಕಡಲ ಗಾಳಿಗೆ ಒದ್ದೆ ಅರಿವೆಯಂತೆ ಜೋತುಬಿದ್ದಿದ್ದವು. ಮುರಿಯಲು ಹೋದರೆ ಮಡಚಿಕೊಂಡವು. ನಮ್ಮ ಕಡೆ ಬುತ್ತಿ ಬಿಚ್ಚಿದವನು ಹತ್ತಿರ ಯಾರಿದ್ದರೂ ಒಂದು ಮಾತು ಕರೆಯಬೇಕು, ಕರೆಯದೆ ತುತ್ತು ಎತ್ತುವಂತಿಲ್ಲ. ತುಸು ದೂರದಲ್ಲಿ ಗಂಡ ಹೆಂಡತಿ ಇಬ್ಬರು ನೀರು ನೋಡುತ್ತ ಕುಳಿತಿದ್ದರು. ರೊಟ್ಟಿ ಎತ್ತಿ ತೋರಿಸಿ, ಊಟ ಮಾಡೂಣು ಬರ್ರಿ ಎಂದೆ. ಮಾರಲು ಬಂದವನೆಂದು ತಿಳಿದಿರಬೇಕು. ಗಂಡಸು ಬೇಡವೆಂದು ಕೈಯಾಡಿಸಿ, ಹೆಂಡತಿಯನ್ನು ಎಬ್ಬಿಸಿಕೊಂಡು ಇನ್ನೊಂದು ಬದಿಗೆ ಹೋಗಿ ಕುಳಿತ. ನಾನು ನನ್ನ ಪಾಲು ತಿಂದೆ. ಗೆಳೆಯನ ಪಾಲನ್ನು ಬಂಡೆಯ ಮೇಲೆ ಕಾಗೆಗಳಿಗೆ ಬಿಟ್ಟು ಇಳಿದೆ.

ಮನೆಗೆ ಬಂದಾಗ ಅವ್ವ ಕೇಳಿದ ಮೊದಲ ಮಾತು, ಅವನಿಗೆ ಚಟ್ನಿ ಸೇರಿತೇ ಎಂದು. ಬೆರಳು ನೆಕ್ಕಿ ತಿಂದ ಎಂದೆ. ಸುಳ್ಳು ಅಲ್ಲಿಂದ ಶುರುವಾಯಿತು. ವಾರದ ಮೇಲೆ ಗೆಳೆಯ ಮುಖ ಸಣ್ಣದು ಮಾಡಿಕೊಂಡು ಬಂದಾಗ ಅವನಿಗೂ ಅದನ್ನೇ ಕಲಿಸಬೇಕಾಯಿತು. ಅವ್ವ ಏನಾದರೂ ಕೇಳಿದರೆ ತಬ್ಬಿಬ್ಬಾಗಬಾರದೆಂದು ಲಾಡ್ಜು, ಸೇತುವೆಯ ಮೇಲೆ ನಾನು ನಿಂತುಬಿಟ್ಟದ್ದು, ಗುಡ್ಡ ಎಲ್ಲ ಹೇಳಿಕೊಟ್ಟೆ. ಅವನು ಪರೀಕ್ಷೆಗೆ ಕುಳಿತವನಂತೆ ಕೇಳಿದ. ಒಳಗೆ ಹೋಗಿ ಅವ್ವನ ರೊಟ್ಟಿಯನ್ನು ಹೊಗಳಿಯೂ ಬಂದ.

ಮುಂದೆ ಯಾರ ಮುಂದೆ ಕಾರವಾರದ ಮಾತು ಬಂದರೂ ನಾನು 'ನಾವು' ಎಂದೇ ಹೇಳಿದೆ. ಅದು ಸಲೀಸಾಗಿತ್ತು.

ಗೆಳೆಯನ ಮದುವೆಯಾಗಿ ಕೆಲವು ವರ್ಷಗಳ ಮೇಲೆ ಬ್ಯಾಡಗಿಯ ಅವನ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಅವನ ಹೆಂಡತಿ ಬಡಿಸುತ್ತಿದ್ದಳು, ಪಕ್ಕದಲ್ಲಿ ಅವಳ ಅಣ್ಣ. ಗೆಳೆಯ ಕಾರವಾರದ ಕಥೆ ತೆಗೆದ. ಸೇತುವೆಗೆ ಬಂದಾಗ ನಾನು ಹೇಳಿಕೊಡದಿದ್ದ ಒಂದು ಮಾತು ಸೇರಿಸಿದ.

"ಇಂವ ಅಲ್ಲೇ ನಟ್ಟ ಗೂಟಧಂಗ ನಿಂತಬಿಟ್ಟ. ಮದಲಗಿತ್ತೀನ ಕರಕೊಂಡ ಬಂದಂಗ ನಾನ ಕೈ ಹಿಡಕೊಂಡ ದಾಟಿಸೀನಿ."

ಎಲ್ಲರೂ ನಕ್ಕರು. ನಾನೂ ನಗುತ್ತಿದ್ದೆ ಎಂದು ಕಾಣುತ್ತದೆ. ಅವನು ಹೇಳಿದ ಸೇತುವೆ ನನ್ನದಕ್ಕಿಂತ ಚೆನ್ನಾಗಿತ್ತು. ಆದರೆ ಇಡೀ ಪ್ರವಾಸದಲ್ಲಿ ನನ್ನದೆಂದು ಉಳಿದದ್ದು ಅಲ್ಲಿ ಒಬ್ಬನೇ ನಿಂತಿದ್ದೊಂದೇ. ಈಗ ಹೂಂ ಅಂದರೆ ಅದೂ ಹೋಗುತ್ತಿತ್ತು.

"ಹೌದೇನ್ರಿ, ಅಣ್ಣಾರ?" ಎಂದು ಅವನ ಹೆಂಡತಿ ನನ್ನನ್ನು ಕೇಳಿದಳು.

"ಇಲ್ಲವಾ. ಇಂವ ಬಂದ ಇರ್ಲಿಲ್ಲ. ನಾ ಒಬ್ಬನ ಹೋಗಿದ್ದೆ."

ಗೆಳೆಯ ನನ್ನನ್ನೇ ನೋಡಿದ. ಆಮೇಲೆ ಭಾವನ ಕಡೆ ತಿರುಗಿ, "ಕಥಿ ಬರಿಯೂ ಮಂದಿ ನೋಡ್ರಿ, ಹೆಂಗ ಬೇಕ ಹಂಗ ತಿರುವ್ತಾರ," ಎಂದ. ಮತ್ತೆ ನಗು. ಅವನ ಹೆಂಡತಿ ನನ್ನ ತಟ್ಟೆಗೆ ಕೇಳದೆಯೇ ಅನ್ನ ಹಾಕಿದಳು. ನನ್ನ ಮಾತನ್ನು ಯಾರೂ ನಂಬಲಿಲ್ಲ.

ಬಸ್‌ ನಿಲ್ದಾಣಕ್ಕೆ ಗಾಡಿಯ ಮೇಲೆ ಅವನೇ ಬಿಡಲು ಬಂದ. ಗಾಡಿ ನಿಲ್ಲಿಸಿ, ಇಳಿಯದೆ ಕೇಳಿದ.

"ಖರೇ ಹೇಳು. ನಾ ಬಂದಿರ್ಲಿಲ್ಲೇನು?"

"ಇಲ್ಲ."

"ಸೇತುವಿ ಕಂಬಿ ಉಪ್ಪಿಗೆ ಅಂಟಂಟ ಇತ್ತು. ಅದ ನನಗ ಹೆಂಗ ಗೊತ್ತು ಮತ್ತ?"

ನಾನೇ ಹೇಳಿದ್ದೆ ಎಂದೆ. ಹೇಳಿದ್ದೆನೋ ಇಲ್ಲವೋ ನನಗೆ ನೆನಪಿಲ್ಲ. ಕಂಬಿ ಹಿಡಿದದ್ದೂ ನೆನಪಿಲ್ಲ.

"ಇಷ್ಟ ವರ್ಷ ಇಬ್ರೂ ಹೋಗಿದ್ವಿ ಅಂತ ನೀನ ಹೇಳ್ಕೋತ ಬಂದಿ," ಎಂದ. "ನನ್ನ ಮ್ಯಾಲ ಸಿಟ್ಟಿದ್ರ ಅವತ್ತ ಬೈದಬಿಡಬೇಕಾಗಿತ್ತಲ್ಲೋ."

"ಸಿಟ್ಟಲ್ಲ. ಒಬ್ಬನ ಹೋಗಿದ್ದೆ ಅಂತ ಹೇಳಾಕ ನಾಚಿಕಿ ಆಗಿತ್ತು."

ಅವನು ಗಾಡಿಯ ಕೀಲಿಯನ್ನು ಆಚೆ ಈಚೆ ತಿರುಗಿಸುತ್ತ ಕುಳಿತ. ರಾಣೆಬೆನ್ನೂರಿನ ಬಸ್ಸು ಬಂತು.

"ಹತ್ತು ಲಗೂ. ಸೀಟ ಸಿಗೂದಿಲ್ಲ," ಎಂದ.

ಬಸ್ಸು ಹೊರಡುವತನಕ ಅವನು ಅಲ್ಲೇ ನಿಂತಿದ್ದ ಎಂದು ಬರೆಯಬಹುದಿತ್ತು. ನಾನು ತಿರುಗಿ ನೋಡಿರಲಿಲ್ಲ.