“ಅವ್ನು ನಿಂಗೆ ಏನಾಗ್ಬೇಕು?”

ಬೆಳಗಿನ ಆರು ಗಂಟೆ. ಮಾಂಬಳ್ಳಿಯ ನೂಲು ಬಿಚ್ಚುವ ಶೆಡ್ಡಿನಲ್ಲಿ ಸುವರ್ಣಮ್ಮ ಬಿಸಿನೀರಿನಲ್ಲಿ ತೇಲುವ ರೇಷ್ಮೆಗೂಡುಗಳ ಎಳೆ ಹುಡುಕುತ್ತಿದ್ದಾರೆ. ಕಣ್ಣು ಗೂಡಿನ ಮೇಲೆ, ಕಿವಿ ಎದುರಿಗೆ ನಿಂತ ದೇವರಾಜು ಅವರ ಮೇಲೆ. ಶನಿವಾರ ಊರಿನಲ್ಲಿ ನಾಟಕ.

“ಮಹಾರಾಜಾ, ಬಂದಿದ್ದೇನೆ!” ಎನ್ನುತ್ತಾರೆ ದೇವರಾಜು.

“ಲೇ, ಅವ್ನು ನಿಂಗೆ ಏನಾಗ್ಬೇಕು?”

ದೇವರಾಜು ಮತ್ತೆ “ಮಹಾರಾಜಾ” ಎಂದೇ ಶುರುಮಾಡುತ್ತಾರೆ.

ಮೂರು ತಲೆಮಾರಿನಿಂದ ಆಡುತ್ತ ಬಂದ ನಾಟಕವಿದು. ರಾಜನಾದ ಅಣ್ಣ ತಮ್ಮನನ್ನು ಗಡಿಪಾರು ಮಾಡುತ್ತಾನೆ. ಕಡೆಯ ಅಂಕದಲ್ಲಿ ತಮ್ಮ “ಅಣ್ಣಾ” ಎನ್ನುತ್ತ ಮರಳುತ್ತಾನೆ. ಕೈಬರಹದ ಪ್ರತಿಗೆ ಗೆದ್ದಲು ಹಿಡಿದು ಯಾವ ಕಾಲವಾಯಿತೋ. ಹದಿನೇಳು ಪಾತ್ರಗಳ ಮಾತೂ ಈಗ ಉಳಿದಿರುವುದು ಅಕ್ಷರ ಬಾರದ ಈ ಐವತ್ತೆಂಟರ ಹೆಂಗಸಿನ ಬಾಯಲ್ಲಿ. ನಾಟಕದ ಮೇಷ್ಟ್ರಾಗಿದ್ದ ಅಪ್ಪ ಪುಟ್ಟಮಲ್ಲಪ್ಪನವರಿಗೆ ಲಾಂದ್ರ ಹಿಡಿಯುತ್ತಲೇ ಕಲಿತದ್ದು. ಮೂವತ್ತೊಂದು ವರ್ಷದಿಂದ ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುತ್ತಿದ್ದಾರೆ. ಊರ ಫ್ಲೆಕ್ಸಿನಲ್ಲಿ ಮೈಕ್‌ಸೆಟ್ಟಿನವರ ಫೋಟೊ ಕೂಡ ಇದೆ, ಇವರದಿಲ್ಲ.

“ಮಾತ ಗಿಣೀನೂ ಕಲೀತದೆ ಸಾ. ಯಾರು ಯಾರ್ಗೆ ಏನಾಗ್ಬೇಕು ಅನ್ನೋದು ಮೊದ್ಲು ಗೊತ್ತಾಗ್ಬೇಕು. ಆ ಎಳೆ ಸಿಕ್ಕುದ್ರೆ ಮಿಕ್ಕಿದ್ದು ತಾನೇ ಬಿಚ್ಕತದೆ,” ಎಂದು ಸುವರ್ಣಮ್ಮ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿರುವ ನನಗೆ ಹೇಳುತ್ತಾರೆ.

ದೇವರಾಜು ಅವರಿಗೆ ಅದು ಗೊತ್ತಿಲ್ಲದೆ ಏನಿಲ್ಲ. ತಮ್ಮನ ಪಾತ್ರ ಇವರದು, ರಾಜನ ಪಾತ್ರ ಇವರ ಸ್ವಂತ ಅಣ್ಣ ಪುಟ್ಟಸಿದ್ದಯ್ಯನವರದು. ತಾತನಿಂದ ಬಂದ ಪಾತ್ರಗಳು, ಇಬ್ಬರೂ ಬಿಡುವಂತಿಲ್ಲ. ಬೋರ್‌ವೆಲ್ ನೀರಿನ ಸರದಿಗೆ ಜಗಳವಾಗಿ ನಾಲ್ಕು ವರ್ಷದಿಂದ ಮಾತಿಲ್ಲ. ಹಾಗಾಗಿ “ಅಣ್ಣಾ” ಬರುವಲ್ಲೆಲ್ಲ “ಮಹಾರಾಜಾ” ಬರುತ್ತಿದೆ.

“ರಾಜ ತಾನೆ, ನಡೀತದೆ ಬುಡಕ್ಕ,” ಎನ್ನುತ್ತಾರೆ ದೇವರಾಜು.

“ರಾಜ ಅನ್ನಕೆ ಊರೋರೆಲ್ಲ ಅವ್ರೆ ಕಣ್ಲಾ. ಅಣ್ಣ ಅನ್ನಕೆ ನೀನೊಬ್ನೇ. ನೀನು ಅನ್ನನಿಲ್ಲ ಅಂದ್ರೆ ಶನಿವಾರ ನಾನು ಪರದೆ ತಾವ್ಕೆ ಬರಕಿಲ್ಲ.”

ಅವರು ಬಾರದಿದ್ದರೆ ನಾಟಕವೇ ಇಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು. ತಮ್ಮನ ಮುಖ ನೋಡಬಾರದೆಂದು ದಿನವೂ ಏಳಕ್ಕೆ ಅಭ್ಯಾಸಕ್ಕೆ ಬರುವ ಪುಟ್ಟಸಿದ್ದಯ್ಯನವರಿಗೆ ಸುವರ್ಣಮ್ಮ ಇವತ್ತು ಆರಕ್ಕೇ ಹೇಳಿಕಳಿಸಿದ್ದಾರೆ. ಕಿಲಾಡಿ ಹೆಂಗಸು!

ಇಬ್ಬರೂ ಗೋಡೆ ನೋಡುತ್ತಾರೆ. ನೀರು ಕುದಿಯುತ್ತಲೇ ಇದೆ.

“ಅಣ್ಣಾ...” ದೇವರಾಜು ಅವರ ದನಿ ಒಡೆಯುತ್ತದೆ. “ಬಂದಿದ್ದೇನೆ.”

ಪುಟ್ಟಸಿದ್ದಯ್ಯ ಮುಂದಿನ ಮಾತು ಮರೆತು ನಿಂತುಬಿಡುತ್ತಾರೆ. ಇಷ್ಟು ವರ್ಷ ಯಾರು ಮರೆತರೂ ಎತ್ತಿಕೊಟ್ಟ ಸುವರ್ಣಮ್ಮ ಈಗ ಬಾಯಿ ಬಿಡುವುದಿಲ್ಲ. ನಿಮಗೂ ಮರೆತುಹೋಯಿತೇ ಎಂದು ಮೆಲ್ಲಗೆ ಕೇಳುತ್ತೇನೆ.

“ನಂಗೊತ್ತದೆ ಸಾ,” ಕೈಯಲ್ಲಿನ ಎಳೆ ಬಿಡದೆ ಹೇಳುತ್ತಾರೆ. “ಆ ಮಾತ ಅವ್ನೇ ಏಳ್ಲಿ.”